ಎರವಲು ಬಯಕೆ, ಹೊರಿಸಿದ ಪಾಪ

ಮನುಷ್ಯರ ನಡುವಿನ ಹಗೆಗೆ ಅವರ ಕುಲ, ಭಾಷೆ, ದೇವರುಗಳ ಭಿನ್ನತೆಯೇ ಕಾರಣವೆಂಬ ನಂಬಿಕೆ ಬಲವಾಗಿ ಬೇರೂರಿದೆ. ಆದರೆ 1923ರಲ್ಲಿ ಫ್ರಾನ್ಸಿನ ಆವಿನ್ಯಾನ್‌ನಲ್ಲಿ ಹುಟ್ಟಿ, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬೋಧಿಸಿ, 2015ರಲ್ಲಿ ತೀರಿಕೊಂಡ ಚಿಂತಕ ರೆನೆ ಜಿರಾರ್ ಹಗೆಯ ಮೂಲವನ್ನು ಕಂಡದ್ದು ಭಿನ್ನತೆಯಲ್ಲಲ್ಲ, ಹೋಲಿಕೆಯಲ್ಲಿ. ಹಸಿವು ನೀರಡಿಕೆಗಳನ್ನು ದೇಹವೇ ಹುಟ್ಟಿಸುತ್ತದೆ; ಅವುಗಳಾಚೆಗೆ ಏನನ್ನು ಬಯಸಬೇಕೆಂಬುದನ್ನು ಮನುಷ್ಯನು ಇನ್ನೊಬ್ಬನ ಬಯಕೆಯನ್ನು ನೋಡಿ ಕಲಿಯುತ್ತಾನೆ ಎಂದು ಅವರು 1961ರ ತಮ್ಮ ಮೊದಲ ಕೃತಿಯಲ್ಲಿ, ಸರ್ವಾಂಟಿಸ್, ಸ್ಟೆಂಡಾಲ್, ದಾಸ್ತಯೆವ್‌ಸ್ಕಿಯವರ ಕಾದಂಬರಿಗಳ ಆಧಾರದಿಂದ ವಾದಿಸಿದರು. ಈ ಅನುಕರಣೆಯ ಬಯಕೆಗೆ ಮಾದರಿಯಾದವನು ದೂರದಲ್ಲಿದ್ದರೆ ಆತ ಆರಾಧ್ಯನಾಗಿಯೇ ಉಳಿಯುತ್ತಾನೆ. ಕೈಗೆಟಕುವಷ್ಟು ಹತ್ತಿರದಲ್ಲಿದ್ದರೆ ಅವನೇ ಪ್ರತಿಸ್ಪರ್ಧಿಯಾಗುತ್ತಾನೆ. ಹಸ್ತಿನಾವತಿಯಲ್ಲಿ ಯಾವ ಕೊರತೆಯೂ ಇಲ್ಲದ ದುರ್ಯೋಧನನು ಯುಧಿಷ್ಠಿರನ ರಾಜಸೂಯದ ಸಿರಿಯನ್ನು ಕಂಡ ಮೇಲೆ ತನ್ನದೆಲ್ಲವೂ ನಿಸ್ಸಾರವೆಂದು ಬೇಯುವುದನ್ನು ಬಲ್ಲ ಓದುಗರಿಗೆ, ದಾಯಾದಿ ಮತ್ಸರವೇಕೆ ಇತರೆಲ್ಲ ಮತ್ಸರಗಳಿಗಿಂತ ಕ್ರೂರವೆಂಬುದನ್ನು ವಿವರಿಸಬೇಕಾಗಿಲ್ಲ.

ಇಂಥ ಪೈಪೋಟಿ ಊರಿಗೆ ಊರನ್ನೇ ಆವರಿಸಿದಾಗ ಜಗಳದ ವಸ್ತು ಮರೆತುಹೋಗಿ ಜಗಳ ಮಾತ್ರ ಉಳಿಯುತ್ತದೆ. ಆಗ ಎಲ್ಲರ ರೋಷವೂ ತಿರುಗಿ ಹೊಡೆಯಲಾಗದ ಒಬ್ಬನ ಮೇಲೋ ಒಂದು ಸಣ್ಣ ಗುಂಪಿನ ಮೇಲೋ ಒಟ್ಟಾಗಿ ಎರಗುತ್ತದೆ ಎಂಬುದು 1972ರಲ್ಲಿ ಜಿರಾರ್ ಮಂಡಿಸಿದ ಬಲಿಪಶು ಸಿದ್ಧಾಂತದ ತಿರುಳು. ಮುಂದೆ 1982ರ ಕೃತಿಯಲ್ಲಿ ಅವರು ಹದಿನಾಲ್ಕನೆಯ ಶತಮಾನದ ಫ್ರೆಂಚ್ ಕವಿ ಗಿಯೋಮ್ ದ ಮಾಶೋನ ಒಂದು ಪದ್ಯದಿಂದಲೇ ಚರ್ಚೆಯನ್ನು ಆರಂಭಿಸುತ್ತಾರೆ, ಏಕೆಂದರೆ ಯೆಹೂದಿಗಳು ನೀರಿಗೆ ವಿಷ ಬೆರೆಸಿದರೆಂಬ ಅಪವಾದವನ್ನು ಆ ಕವಿ ಸತ್ಯವೆಂದೇ ನಂಬಿ ಬರೆದಿದ್ದಾನೆ. ಅದೇ ಅಪವಾದದ ಮೇಲೆ 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗ್ ನಗರದಲ್ಲಿ ನೂರಾರು ಯೆಹೂದಿಗಳನ್ನು ಸುಡಲಾಯಿತು. ಆ ವಿಷದಿಂದಲೇ ಹರಡಿತೆಂದು ಹೇಳಲಾದ ಪ್ಲೇಗು ಆ ನಗರವನ್ನು ಇನ್ನೂ ತಲುಪಿಯೇ ಇರಲಿಲ್ಲ. ಯೆಹೂದಿಗಳಿಗೆ ರಕ್ಷಣೆ ಕೊಟ್ಟಿದ್ದ ನಗರಸಭೆಯನ್ನು ಕುಶಲಕರ್ಮಿಗಳ ಸಂಘಗಳು ಕೆಲವೇ ದಿನಗಳ ಹಿಂದೆ ಉರುಳಿಸಿದ್ದವು. ಹತ್ಯೆಯ ನಂತರ ಯೆಹೂದಿಗಳಿಗೆ ಸಲ್ಲಬೇಕಿದ್ದ ಸಾಲಗಳೆಲ್ಲ ರದ್ದಾದವು. ಭಯ, ಅಧಿಕಾರದ ಪೈಪೋಟಿ, ಪರರ ಹಣದ ಮೇಲಿನ ಕಣ್ಣು ಇವೆಲ್ಲವೂ ಧರ್ಮರಕ್ಷಣೆಯ ವೇಷ ತೊಟ್ಟು ನಡೆದ ಈ ಕೃತ್ಯವನ್ನು ಬರಿಯ ಮತಾಂಧತೆ ಎಂದು ಕರೆದರೆ ಅದರ ಅರ್ಧಭಾಗ ಮರೆಯಲ್ಲೇ ಉಳಿಯುತ್ತದೆ.

ಹಾಗಾದರೆ ಧರ್ಮದ ಪಾತ್ರವೇನು? ಒಬ್ಬನನ್ನು ಕೊಂದ ಮೇಲೆ ಊರಿನಲ್ಲಿ ನೆಲೆಸಿದ ಶಾಂತಿ ಆ ಸತ್ತವನ ಮಹಿಮೆಯಾಗಿ ಕಂಡು ಅವನು ದೈವವಾದನೆಂದೂ, ಆ ಕೊಲೆಯ ನಿಯಂತ್ರಿತ ಪುನರಾವರ್ತನೆಯೇ ಬಲಿಯ ಆಚರಣೆಯೆಂದೂ ಜಿರಾರ್ ಹೇಳುತ್ತಾರೆ. ಎಲ್ಲ ಆಚರಣೆಗಳನ್ನೂ ಒಂದೇ ಬೀಜದಿಂದ ಮೊಳೆಯಿಸುವ ಈ ಧೈರ್ಯಕ್ಕೆ ಸಾಕ್ಷ್ಯದ ಬೆಂಬಲ ಸಾಲದು. ಬಲಿಯಾದವನು ನಿರಪರಾಧಿಯೆಂಬ ಅರಿವನ್ನು ಪೂರ್ಣವಾಗಿ ಹೊರಗೆಡಹಿದ ಹಿರಿಮೆಯನ್ನು ಅವರು ಬೈಬಲ್ಲಿಗೆ, ವಿಶೇಷವಾಗಿ ಏಸುವಿನ ಶಿಲುಬೆಯ ಕಥೆಗೆ ಸಲ್ಲಿಸಿದ್ದೂ ಪ್ರಶ್ನಾರ್ಹವೇ.

ಏಕೆಂದರೆ ಕನ್ನಡದಲ್ಲಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ ಇದೇ ಅರಿವನ್ನು ಜೈನ ದೃಷ್ಟಿಯಿಂದ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದಿದೆ. ಜೀವದ ಬದಲಿಗೆ ಹಿಟ್ಟಿನ ಕೋಳಿಯನ್ನು ಕಡಿದರೆ ದೋಷವಿಲ್ಲವೆಂದು ತಾಯಿಯ ಒತ್ತಾಯಕ್ಕೆ ಒಪ್ಪಿದ ಯಶೋಧರನು ಆ ಸಂಕಲ್ಪಹಿಂಸೆಯ, ಎಂದರೆ ಕೊಲ್ಲುವ ಮನಸ್ಸು ಮಾಡಿದ್ದರ, ಫಲವನ್ನು ಜನ್ಮಜನ್ಮಾಂತರಗಳಲ್ಲಿ ಪ್ರಾಣಿಯಾಗಿ ಹುಟ್ಟಿ, ಕೊಲ್ಲಿಸಿಕೊಂಡು ಉಣ್ಣುತ್ತಾನೆ. ಬಲಿಗೆ ಬದಲಿ ಹುಡುಕಿದರೆ ಹಿಂಸೆ ತಣಿಯುತ್ತದೆಂಬ ತರ್ಕವನ್ನೇ ಕಾವ್ಯ ತಿರಸ್ಕರಿಸುತ್ತದೆ. ಅಷ್ಟೇ ಮುಖ್ಯವಾದುದು ಈ ಕಥೆಯನ್ನು ಹೇಳುವವರು ಯಾರೆಂಬುದು: ಮಾರಿಯ ಗುಡಿಗೆ ನರಬಲಿಗಾಗಿ ಹಿಡಿದು ತಂದ ಅಭಯರುಚಿ, ಅಭಯಮತಿ ಎಂಬ ಎಳೆಯರು ಅಲ್ಲಿದ್ದಾರೆ; ಅಭಯರುಚಿಯ ಬಾಯಿಂದ ಅವರ ಹಿಂದಿನ ಜನ್ಮಗಳ ವೃತ್ತಾಂತವನ್ನು ಕೇಳಿದ ರಾಜ ಮಾರಿದತ್ತನು ಬಲಿಯನ್ನೇ ಕೈಬಿಡುತ್ತಾನೆ.