ಮಾದರಿ ರೈಲಿನ ಕೋಣೆಯಲ್ಲಿ ಮನುಷ್ಯರ ಹಾದಿ

ನಿಜವಾದ ರೈಲನ್ನು ಅಳತೆ ತಪ್ಪದಂತೆ ಕುಗ್ಗಿಸಿ, ಹಳಿ, ನಿಲ್ದಾಣ, ಸುರಂಗ, ಗುಡ್ಡಗಳ ಸಮೇತ ಕೋಣೆಯೊಂದರಲ್ಲಿ ಕಟ್ಟಿ ಓಡಿಸುವ ಹವ್ಯಾಸ ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಹಳೆಯದು. ಎತ್ತರದ ಹಲಗೆಗಳ ಮೇಲೆ ಹರಡಿಕೊಂಡ ಈ ಇಡೀ ರಚನೆಗೆ ಲೇಔಟ್ ಎಂದು ಹೆಸರು. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ರೈಲು ಮೂಲದ 87ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಓಡಿಸುವವರ ಭುಜದಗಲವಾಗಲಿ ತೋಳಿನ ಉದ್ದವಾಗಲಿ ಇಳಿಯುವುದಿಲ್ಲ. ಆದ್ದರಿಂದಲೇ ಲೇಔಟಿನ ನಕ್ಷೆಯಲ್ಲಿ ಹಳಿಗಿಂತ ಮೊದಲು ಗುರುತಾಗಬೇಕಾದದ್ದು ಹಲಗೆಗಳ ನಡುವೆ ಜನ ಓಡಾಡುವ ಹಾದಿ.

ಒಂದೇ ಕಡೆ ಕುಳಿತು ಗುಂಡಿಗಳ ಫಲಕದಿಂದ ಎಲ್ಲ ಗಾಡಿಗಳನ್ನೂ ಓಡಿಸುತ್ತಿದ್ದಾಗ ಈ ಹಾದಿಗೆ ಅಷ್ಟು ಮಹತ್ವವಿರಲಿಲ್ಲ. ವೇಗ ನಿಯಂತ್ರಿಸುವ ಪುಟ್ಟ ಉಪಕರಣ ಕೈಗೆ ಬಂದ ಮೇಲೆ ಚಾಲಕ ತನ್ನ ರೈಲಿನ ಜೊತೆಜೊತೆಗೇ ನಡೆಯತೊಡಗಿದ. ಒಂದೇ ಹಳಿಯ ಮೇಲಿನ ಹಲವು ಎಂಜಿನ್‌ಗಳಿಗೆ ಬೇರೆಬೇರೆ ಆಜ್ಞೆ ಕಳಿಸುವ ಡಿಜಿಟಲ್ ವ್ಯವಸ್ಥೆ 1990ರ ದಶಕದಲ್ಲಿ ಹರಡಿದಂತೆ ನಾಲ್ಕಾರು ಚಾಲಕರು ಒಟ್ಟಿಗೆ ನಡೆಯುವಂತಾಯಿತು. ಒಬ್ಬರೇ ಇದ್ದರೆ 24 ಇಂಚಿನಲ್ಲಿ ಹೇಗೋ ಸಾಗುತ್ತದೆ. ಇಬ್ಬರು ಎದುರುಬದುರಾದಾಗ ತೋಳು ತಗುಲಿ ಸಿಗ್ನಲ್ ಕಂಬ ಮುರಿಯದಿರಬೇಕಾದರೆ 30ರಿಂದ 36 ಇಂಚು ಬೇಕು. ಬೋಗಿಗಳನ್ನು ಬಿಡಿಸಿ ಜೋಡಿಸುವ ಯಾರ್ಡಿನ ಮುಂದೆ ಜನ ಬಹಳ ಹೊತ್ತು ನಿಲ್ಲುವುದರಿಂದ ಅಲ್ಲಿ ಇನ್ನಷ್ಟು ಬಿಟ್ಟರೂ ವ್ಯರ್ಥವಲ್ಲ.

ನಕ್ಷೆ ಮೋಸಮಾಡುವುದು ತಿರುವುಗಳಲ್ಲಿ. 10 ಅಡಿ ಅಗಲದ ಕೋಣೆಯ ಎರಡು ಗೋಡೆಗಳಿಗೆ ಒಂದೂವರೆ ಅಡಿಯ ಹಲಗೆ ಹೊಡೆದು, ನಡುವೆ 2 ಅಡಿ ಅಗಲದ ಹಲಗೆಯನ್ನು ನಾಲಿಗೆಯಂತೆ ಚಾಚಿದರೆ ಎರಡೂ ಪಕ್ಕ 30 ಇಂಚಿನ ಹಾದಿ ಉಳಿದು ಲೆಕ್ಕ ಸರಿಹೋದಂತೆ ಕಾಣುತ್ತದೆ. ಆದರೆ ಆ ನಾಲಿಗೆಯ ತುದಿಯಲ್ಲಿ ರೈಲು ಹಿಂತಿರುಗಬೇಕು. 18 ಇಂಚು ತ್ರಿಜ್ಯದ ಇಕ್ಕಟ್ಟಾದ ತಿರುವಿಗೂ 36 ಇಂಚು ವ್ಯಾಸ ಬೇಕು, ಅಂಚಿಗೆ ಮೂರು ಮೂರು ಇಂಚು ಬಿಟ್ಟರೆ 42 ಇಂಚು, ಅಂದರೆ ತುದಿ ಗೆಡ್ಡೆಯಂತೆ ಊದಿಕೊಂಡು ಹಾದಿಯನ್ನು 21 ಇಂಚಿಗೆ ಇಳಿಸುತ್ತದೆ. ಎಲ್ಲರೂ ಹಾದುಹೋಗುವ ಜಾಗವೇ ಕೋಣೆಯಲ್ಲಿ ಎಲ್ಲಕ್ಕಿಂತ ಕಿರಿದಾಗುತ್ತದೆ. ಇಂಥಲ್ಲಿ ನಾಲಿಗೆಯನ್ನೇ ಬಿಟ್ಟು ಗೋಡೆಗುಂಟ ಹಳಿ ಹಾಸುವುದು, ಇಲ್ಲವೇ 160ರಲ್ಲಿ ಒಂದು ಪಾಲಿನ ಎನ್ ಅಳತೆಗೆ ಹೋಗುವುದು ಲೇಸು.

ಹಾದಿ ಅಗಲವಾಗಲೆಂದು ಇಡೀ ಹಲಗೆಯನ್ನು ಒಂದೇ ಗೋಡೆಗೆ ಒತ್ತಿ ಅಗಲಿಸುವುದೂ ತಪ್ಪೇ. ಅಂಚಿನಿಂದ ಸುಮಾರು 30 ಇಂಚಿನಾಚೆ ಹಳಿ ತಪ್ಪಿದ ಬೋಗಿಯನ್ನು ಎತ್ತಿ ಕೂರಿಸಲು ಮುಂದಿನ ಮರ, ಮನೆಗಳ ಮೇಲೆ ಮೈಯೂರಬೇಕಾಗುತ್ತದೆ. ಹಲಗೆ ಎದೆಯೆತ್ತರಕ್ಕಿದ್ದರೆ ಕೈ ನಿಲುಕುವುದು ಇನ್ನೂ ಕಡಿಮೆ.

ಹಳಿ ಕೋಣೆಯನ್ನು ಪೂರ್ತಿ ಸುತ್ತುವರಿದಾಗ ಬಾಗಿಲಿಗೆ ಅಡ್ಡವಾಗುತ್ತದೆ. ಹಲಗೆಯ ಕೆಳಗೆ ಬಗ್ಗಿ ನುಸುಳುವುದು ಹರೆಯದಲ್ಲಿ ಸಲೀಸು, ಮೊಣಕಾಲು ನೋಯುವ ವಯಸ್ಸಿನಲ್ಲಿ ಅದೇ ಹವ್ಯಾಸಕ್ಕೆ ಅಡ್ಡಿ. ಬಿಜಾಗರಿ ಹಾಕಿದ ಎತ್ತುಸೇತುವೆ ಇದಕ್ಕೆ ಒಳ್ಳೆಯ ಉಪಾಯ. ಸೇತುವೆ ಮೇಲೆದ್ದ ಕೂಡಲೇ ಎರಡೂ ಬದಿಯ ಹಳಿಗೆ ಮೂರ್ನಾಲ್ಕು ಅಡಿಯವರೆಗೆ ವಿದ್ಯುತ್ ಕಡಿತವಾಗುವಂತೆ ಸ್ವಿಚ್ ಜೋಡಿಸಿದ್ದರೆ, ಯಾರೋ ಒಳಬರುವ ಹೊತ್ತಿಗೆ ವೇಗವಾಗಿ ಬಂದ ಎಂಜಿನ್ ನೆಲಕ್ಕೆ ಬೀಳದೆ ಅಂಚಿಗೆ ಮೊದಲೇ ನಿಲ್ಲುತ್ತದೆ.