ಕೆಟ್ಟ ವರ್ಷದ ನಂತರ ಸಣ್ಣ ವ್ಯಾಪಾರ: ಸಾಲಕ್ಕಿಂತ ಮೊದಲು ಲೆಕ್ಕ

ಸಣ್ಣ ವ್ಯಾಪಾರ ಮಾಡುವವರಿಗೆ ಕೆಟ್ಟ ವರ್ಷ ಹೊಸದಲ್ಲ. ನಮ್ಮ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಭಾಗ 2005, 2019 ಮತ್ತು 2021ರಲ್ಲಿ ನೆರೆ ಕಂಡಿತು. 2020ರಲ್ಲಿ ಲಾಕ್‌ಡೌನ್‌ನಿಂದ ಸಂತೆಗಳು ನಿಂತವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಐಗಳಿಯಂಥ ಹೊಳೆ ದೂರವಿರುವ ಊರಿಗೆ ನೆರೆ ಬಾರದಿದ್ದರೂ, ಮಳೆ ಕೈಕೊಟ್ಟರೆ ದ್ರಾಕ್ಷಿ ತೋಟದ ಕೂಲಿ ಕಡಿಮೆಯಾಗುತ್ತದೆ. ಕೂಲಿ ಇಲ್ಲದಿದ್ದರೆ ಕಿರಾಣಿ ಅಂಗಡಿ, ಹೊಲಿಗೆ, ಚಹಾದಂಗಡಿ, ರೊಟ್ಟಿ ವ್ಯಾಪಾರ ಎಲ್ಲವೂ ಕುಂಟುತ್ತವೆ.

ಇಂಥ ಹೊತ್ತಿನಲ್ಲಿ ಸಂಘದ ಸಭೆಯಲ್ಲಿ ನಾವು ಹೆಚ್ಚಾಗಿ ಕೇಳುವ ಮಾತು ಒಂದೇ: "ಇನ್ನೊಂದು ಸಾಲ ಸಿಕ್ಕರ ಎಲ್ಲಾ ಸರಿ ಹೋಗತೈತ್ರಿ." ಕೆಲವೊಮ್ಮೆ ಅದು ನಿಜ. ಬಹಳಷ್ಟು ಸಲ ನಿಜವಲ್ಲ. ವ್ಯಾಪಾರ ಎಲ್ಲಿ ಸೋರುತ್ತಿದೆ ಎಂದು ತಿಳಿಯದೆ ತಂದ ಸಾಲ ಅದೇ ತೂತಿನಿಂದ ಹರಿದು ಹೋಗುತ್ತದೆ.

ಮೊದಲು ಮೂರು ಪಟ್ಟಿ ಬರೆಯಿರಿ

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಬರೆಯಲು ಬಾರದಿದ್ದರೆ ಮಗಳಿಂದ ಬರೆಸಿ.

1. ಕೈಯಲ್ಲಿ ಏನಿದೆ? ನಗದು, ಮಾಲು, ಯಂತ್ರ, ಪಾತ್ರೆ.
2. ಬರಬೇಕಾದ್ದು ಎಷ್ಟು? ಯಾರ ಉದ್ರಿ ಎಷ್ಟು, ಯಾವಾಗಿನದು?
3. ಕೊಡಬೇಕಾದ್ದು ಎಷ್ಟು? ಸಂಘ, ಬ್ಯಾಂಕು, ಫೈನಾನ್ಸ್, ಕೈಸಾಲ. ಪ್ರತಿಯೊಂದರ ಕಂತು, ಬಡ್ಡಿ ಮತ್ತು ತಾರೀಖು.

ಮೂರನೆಯ ಪಟ್ಟಿ ಬರೆಯಲು ಬಹಳ ಜನ ಹೆದರುತ್ತಾರೆ. ಆದರೆ ಮನೆಯವರೆಲ್ಲ ಕುಳಿತು ನೋಡಬೇಕಾದದ್ದು ಅದನ್ನೇ. ಮುಚ್ಚಿಟ್ಟ ಸಾಲ ಮನೆಯೊಳಗೆ ಜಗಳ ತರುತ್ತದೆ, ಹೊರಗೆ ಮಾನ ತೆಗೆಯುತ್ತದೆ.

ಒಂದು ಉದಾಹರಣೆ

ಒಬ್ಬ ತಂಗಿ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 3,000 ರೊಟ್ಟಿ, ಒಂದಕ್ಕೆ 6 ರೂಪಾಯಿ. ಒಟ್ಟು 18,000 ರೂಪಾಯಿ. ಜೋಳ, ಗಿರಣಿ, ಕಟ್ಟಿಗೆ, ಬಸ್ ಸೇರಿ ಖರ್ಚು 12,000. ಅಂದರೆ ಒಂದು ರೊಟ್ಟಿಗೆ 4 ರೂಪಾಯಿ. ಉಳಿದದ್ದು 6,000. ಗಂಡನ ಕೂಲಿ 8,000. ಮನೆಯ ಆದಾಯ 14,000.

ಈಗ ಹೋಗುವುದನ್ನು ನೋಡಿ. ಮನೆ ಖರ್ಚು 7,500. ಮೂರು ಸಾಲದ ಕಂತು 8,200. ಒಟ್ಟು 15,700. ತಿಂಗಳಿಗೆ 1,700 ಕೊರತೆ. ಈ ಕೊರತೆ ತುಂಬಲು ನಾಲ್ಕನೆಯ ಸಾಲ ತಂದರೆ ಕಂತು ಏರುತ್ತದೆ, ಕೊರತೆಯೂ ಏರುತ್ತದೆ.

ಬದಲಿಗೆ ಲೆಕ್ಕ ಕೇಳಿ. ಬರದ ವರ್ಷ ಜೋಳ ತುಟ್ಟಿಯಾದರೂ ರೊಟ್ಟಿಯ ದರ ಹಳೆಯದೇ ಉಳಿದಿಲ್ಲವೇ? ದರ 7 ರೂಪಾಯಿ ಮಾಡಿ, ಗಿರಾಕಿ ಕಡಿಮೆಯಾಗಿ 2,700 ರೊಟ್ಟಿ ಮಾತ್ರ ಹೋದರೂ 18,900 ಬರುತ್ತದೆ. ಖರ್ಚು 10,800. ಉಳಿಯುವುದು 8,100. ಮೊದಲಿಗಿಂತ 2,100 ಹೆಚ್ಚು. ಕೊರತೆ ತುಂಬಿತು, ಕೆಲಸವೂ ಸ್ವಲ್ಪ ಹಗುರಾಯಿತು. ಎಲ್ಲರ ವ್ಯಾಪಾರಕ್ಕೂ ದರ ಏರಿಕೆ ಒಗ್ಗುವುದಿಲ್ಲ. ಆದರೆ ಒಂದು ಸಾಮಾನಿಗೆ ಎಷ್ಟು ಖರ್ಚು, ಎಷ್ಟು ಲಾಭ ಎಂಬುದು ಎಲ್ಲರಿಗೂ ಗೊತ್ತಿರಬೇಕು.

ಎರಡು ಡಬ್ಬಿ ಇಡಿ

ಮನೆಗೊಂದು, ವ್ಯಾಪಾರಕ್ಕೊಂದು. ಅಂಗಡಿ ಡಬ್ಬಿಯಿಂದ ಮನೆಗೆ ವಾರಕ್ಕೊಮ್ಮೆ ಗೊತ್ತುಪಡಿಸಿದ ಮೊತ್ತ ಮಾತ್ರ ತೆಗೆಯಿರಿ. ಉದ್ರಿ ಕೊಡಲೇಬ್ಯಾಡ್ರಿ ಅಂತ ನಾವು ಹೇಳುವುದಿಲ್ಲ. ಹಳ್ಳಿಯಲ್ಲಿ ಅದು ನಡೆಯುವ ಮಾತಲ್ಲ. ಆದರೆ ಒಂದು ಮಿತಿ ಇರಲಿ. ಹಳೆಯದು ಸ್ವಲ್ಪವಾದರೂ ಬರದೆ ಹೊಸದು ಬೇಡ.

ಕಂತು ತಪ್ಪುವ ಮೊದಲೇ ಮಾತನಾಡಿ

ಕಂತು ಕಟ್ಟಲಾಗದು ಎಂದು ಗೊತ್ತಾದ ಕೂಡಲೇ ಸಾಲ ಕೊಟ್ಟವರ ಬಳಿ ಹೋಗಿ ಅವಧಿ ಹೆಚ್ಚಿಸಿ, ಕಂತು ಇಳಿಸಿ ಎಂದು ಬರವಣಿಗೆಯಲ್ಲಿ ಕೇಳಿ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮ ತಿಳಿದಿರಲಿ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವುದು ಮೈಕ್ರೋಫೈನಾನ್ಸ್ ಸಾಲ. ಆ ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ನಮ್ಮ ಉದಾಹರಣೆಯ ತಂಗಿಗೆ ಆ ಮಿತಿ 7,000. ಅವಳು ಕಟ್ಟುತ್ತಿರುವುದು 8,200! ವಸೂಲಿಗಾರರು ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಫೋನ್ ಮಾಡಿ ಕಾಡುವಂತಿಲ್ಲ. ಬೈಯುವುದು, ಬೆದರಿಸುವುದೂ ತಪ್ಪು. ಬಲವಂತದ ವಸೂಲಿ ತಡೆಯಲು 2025ರಲ್ಲಿ ನಮ್ಮ ರಾಜ್ಯವೂ ಕಾನೂನು ಮಾಡಿದೆ. ಕಿರುಕುಳವಾದರೆ ಪೊಲೀಸ್ ಠಾಣೆಗೆ ಹೋಗಿ. ಒಬ್ಬರೇ ಹೋಗಬೇಡಿ, ಸಂಘದವರನ್ನು ಕರೆದುಕೊಂಡು ಹೋಗಿ.

ಮುಂದಿನ ವರ್ಷದ ಯೋಜನೆ

ನಮ್ಮ ಕಡೆ ದುಡ್ಡು ಹಂಗಾಮಿನ ಹಿಂದೆ ಬರುತ್ತದೆ. ಕಬ್ಬು ಕಡಿಯುವ, ದ್ರಾಕ್ಷಿ ಕೊಯ್ದು ಮನೂಕ ಮಾಡುವ ತಿಂಗಳುಗಳಲ್ಲಿ ಜನರ ಕೈಯಲ್ಲಿ ಕಾಸು ಆಡುತ್ತದೆ. ಜೂನ್ ಬಂತೆಂದರೆ ಬೀಜ, ಗೊಬ್ಬರ, ಶಾಲೆಯ ಖರ್ಚು, ವ್ಯಾಪಾರ ಸಪ್ಪೆ. ಆದ್ದರಿಂದ ಉದ್ರಿ ವಸೂಲಿ ಸುಗ್ಗಿಯಲ್ಲೇ ಮುಗಿಸಿ. ಆಗಿನ ಲಾಭದಲ್ಲಿ ಒಂದು ತಿಂಗಳ ಮಾಲಿನ ಹಣ ಬೇರೆ ಇಡಿ. ಸಪ್ಪೆ ತಿಂಗಳಿಗೆ ಹೆಚ್ಚು ಮಾಲು ತುಂಬಬೇಡಿ. ಹೊಳೆದಂಡೆಯವರು ಮಳೆಗಾಲಕ್ಕೆ ಮೊದಲೇ ಲೆಕ್ಕದ ಪುಸ್ತಕ, ಪಾಸ್‌ಬುಕ್, ಹೊಲಿಗೆ ಯಂತ್ರ ಎತ್ತರದ ಜಾಗಕ್ಕೆ ಸಾಗಿಸಲಿ.

ಇಷ್ಟೆಲ್ಲ ನೋಡಿದ ಮೇಲೂ ಬಂಡವಾಳ ಬೇಕೆನಿಸಿದರೆ ಸಾಲ ತಪ್ಪಲ್ಲ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡವಿಲ್ಲದೆ ಬ್ಯಾಂಕಿನಲ್ಲಿ ಕೇಳಬಹುದು. ಚಪ್ಪಲಿ ಮಾಡುವವರು, ದರ್ಜಿಗಳು, ಕುಂಬಾರರು, ಬಡಗಿಗಳು 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಲಿ; ಅದರಲ್ಲಿ ಮೊದಲ ಹಂತದ ಸಾಲ 1 ಲಕ್ಷ ರೂಪಾಯಿವರೆಗೆ, ಬಡ್ಡಿ ಶೇಕಡಾ 5. ಉದ್ಯಮ್ ನೋಂದಣಿ ಉಚಿತ. ಸರ್ಕಾರದ ಶುಲ್ಕವೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಮುಂದಿನ ಸಭೆಗೆ ಬರುವಾಗ ನಿಮ್ಮ ಮೂರು ಪಟ್ಟಿ ತನ್ನಿ. ಪೂರ್ತಿಯಾಗಿರದಿದ್ದರೂ ಪರವಾಗಿಲ್ಲ, ಕೂತು ಮಾಡೋಣ. ನಷ್ಟ ಒಬ್ಬರದೇ ಎನಿಸಿದಾಗ ಭಾರ. ನಾಲ್ಕು ಜನರ ಮುಂದೆ ಬಿಚ್ಚಿಟ್ಟರೆ ದಾರಿ ಕಾಣುತ್ತದೆ.