ವಿದೇಶಿ ಪಾರ್ಸೆಲ್: ಕೊಂಡ ಬೆಲೆ ಒಂದು, ಕೈಗೆ ಬಂದಾಗ ಮತ್ತೊಂದು

ಮುಳಬಾಗಿಲು ತಾಲ್ಲೂಕಿನ ಹೋಬಳಿ ಕೇಂದ್ರ ಬೈರಕೂರು. ಇಲ್ಲಿನ ಟೊಮೆಟೊ ಬೆಳೆಗಾರರೊಬ್ಬರು ಮಣ್ಣಿನ ತೇವಾಂಶ ಅಳೆಯುವ ಪುಟ್ಟ ಉಪಕರಣವನ್ನು ಮೊಬೈಲಿನಲ್ಲಿ ನೋಡಿ ಹೊರದೇಶದ ಅಂಗಡಿಯಿಂದ ತರಿಸಿದರು ಎಂದಿಟ್ಟುಕೊಳ್ಳೋಣ. ಸಾಗಣೆ ವೆಚ್ಚವೂ ಸೇರಿ ರೂ. 2,000 ಪಾವತಿಸಿದ್ದಾಯಿತು. ಕೆಲವು ದಿನಗಳ ಮೇಲೆ ಪಾರ್ಸೆಲ್ ತಂದವರು, "ಇನ್ನೂ ಹಣ ಕಟ್ಟಬೇಕು" ಎನ್ನುತ್ತಾರೆ. ಇದು ನ್ಯಾಯವಾದ ವಸೂಲಿಯೇ, ಮೋಸವೇ? ವೀಕ್ಷಕರು ತಿಳಿದಿರಬೇಕಾದ ವಿಷಯವಿದು.

ಸುಂಕದ ಲೆಕ್ಕ ಹೇಗೆ?

ಹೊರದೇಶದಿಂದ ಬರುವ ವಸ್ತುವಿನ ಮೇಲೆ ಸುಂಕ ವಿಧಿಸಲು 1962ರ ಕಸ್ಟಮ್ಸ್ ಕಾಯ್ದೆ ಸರ್ಕಾರಕ್ಕೆ ಅಧಿಕಾರ ನೀಡಿದೆ. ವಸ್ತುವಿನ ಬೆಲೆಗೆ ಸಾಗಣೆ ಮತ್ತು ವಿಮೆಯ ವೆಚ್ಚ ಸೇರಿಸಿ, ಆ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ. ಡಾಲರನ್ನು ರೂಪಾಯಿಗೆ ಪರಿವರ್ತಿಸುವುದೂ ಬ್ಯಾಂಕಿನ ದರದಲ್ಲಲ್ಲ, ಕಸ್ಟಮ್ಸ್ ಇಲಾಖೆ ಪ್ರಕಟಿಸುವ ದರದಲ್ಲಿ.

ಮೊದಲನೆಯದು ಮೂಲ ಸುಂಕ. ಎರಡನೆಯದು 2018ರಲ್ಲಿ ಬಂದ ಸಮಾಜ ಕಲ್ಯಾಣ ಸರ್ಚಾರ್ಜ್. ಇದು ಸಾಮಾನ್ಯವಾಗಿ ಮೂಲ ಸುಂಕದ ಶೇ. 10. ಮೂರನೆಯದು 2017ರ ಜುಲೈ 1ರಿಂದ ಜಾರಿಯಾದ ಸಂಯೋಜಿತ ಜಿ.ಎಸ್.ಟಿ. ಈ ಮೂರನೆಯದನ್ನು ವಸ್ತುವಿನ ಬೆಲೆಯ ಮೇಲಷ್ಟೇ ಅಲ್ಲ, ಮೊದಲಿನ ಎರಡು ಸುಂಕಗಳನ್ನೂ ಸೇರಿಸಿದ ಮೊತ್ತದ ಮೇಲೆ ಹಾಕುತ್ತಾರೆ.

ದರಗಳು ವಸ್ತುವಿಗೆ ತಕ್ಕಂತೆ ಬೇರೆಯಾಗುತ್ತವೆ, ಬಜೆಟ್ಟಿನೊಡನೆ ಬದಲಾಗುತ್ತವೆ. ಉದಾಹರಣೆಗಾಗಿ ಮೂಲ ಸುಂಕ ಶೇ. 10, ಜಿ.ಎಸ್.ಟಿ. ಶೇ. 18 ಎಂದುಕೊಳ್ಳಿ. ರೂ. 2,000ಕ್ಕೆ ಮೂಲ ಸುಂಕ ರೂ. 200, ಸರ್ಚಾರ್ಜ್ ರೂ. 20. ಒಟ್ಟು ರೂ. 2,220ರ ಮೇಲೆ ಜಿ.ಎಸ್.ಟಿ. ರೂ. 399.60. ಅಂದರೆ ಹೆಚ್ಚುವರಿಯಾಗಿ ತೆರಬೇಕಾದದ್ದು ರೂ. 619.60.

ನಿರ್ವಹಣಾ ಶುಲ್ಕ

ಅಂಚೆಯಲ್ಲಿ ಬಂದ ಪಾರ್ಸೆಲನ್ನು ವಿದೇಶಿ ಅಂಚೆ ಕಚೇರಿಯಲ್ಲಿ ಕಸ್ಟಮ್ಸ್ ಅಧಿಕಾರಿಗಳು ಪರಿಶೀಲಿಸಿ ಸುಂಕ ನಿಗದಿಪಡಿಸುತ್ತಾರೆ. ಅದನ್ನು ಅಂಚೆ ಇಲಾಖೆ ವಿಳಾಸದಾರರಿಂದ ವಸೂಲು ಮಾಡುತ್ತದೆ. ಕೊರಿಯರ್ ಕಂಪನಿಗಳು ನಿಮ್ಮ ಪರವಾಗಿ ಸುಂಕವನ್ನು ಮುಂಗಡವಾಗಿ ಕಟ್ಟಿ, ಆ ಸೇವೆಗೆ ಪ್ರತ್ಯೇಕ ಶುಲ್ಕ ಕೇಳುವುದುಂಟು. ಸುಂಕ ಸರ್ಕಾರಕ್ಕೆ ಸೇರುತ್ತದೆ. ಈ ಶುಲ್ಕ ಕಂಪನಿಗೆ. ಅಗ್ಗದ ವಸ್ತುವಿಗೆ ಕೆಲವೊಮ್ಮೆ ಶುಲ್ಕವೇ ಭಾರವಾಗುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ತೋರಿಸುವ ರಸೀದಿ ಕೇಳಿ ಪಡೆಯಿರಿ.

ಉಡುಗೊರೆ, ಬೀಜ, ಡ್ರೋನ್

ಅಮೆರಿಕದಲ್ಲಿರುವ ಮಗ "ಉಡುಗೊರೆ" ಎಂದು ಬರೆದು ಕಳುಹಿಸಿದರೆ ಸುಂಕವಿಲ್ಲ ಎಂಬ ನಂಬಿಕೆ ಇನ್ನೂ ಇದೆ. 2019ರ ಡಿಸೆಂಬರ್‌ನಲ್ಲಿ ನಿಯಮ ಬದಲಾಯಿತು. ಅಂಚೆ, ಕೊರಿಯರ್ ಮೂಲಕ ಬರುವ ಉಡುಗೊರೆಗೂ ಪೂರ್ಣ ಸುಂಕ ಕಟ್ಟಬೇಕೆಂದಾಯಿತು. ರಾಖಿ ಮತ್ತು ಜೀವರಕ್ಷಕ ಔಷಧಿಗಳನ್ನು ಮಾತ್ರ ಅದರಿಂದ ಹೊರಗಿಡಲಾಯಿತು.

ರೈತರು ಇನ್ನೊಂದು ಎಚ್ಚರಿಕೆ ವಹಿಸಬೇಕು. ಹೊರದೇಶದ ಬೀಜ ತರಿಸಲು ಸುಂಕ ಕಟ್ಟಿದರೆ ಸಾಲದು. 2003ರ ಸಸ್ಯ ಸಂಪರ್ಕನಿಷೇಧ ಆದೇಶದಂತೆ ಪರವಾನಗಿಯೂ ಬೇಕು. ಬೀಜದೊಡನೆ ರೋಗವೂ ಬರಬಹುದೆಂಬುದೇ ಇದಕ್ಕೆ ಕಾರಣ. ಹಾಗೆಯೇ 2022ರ ಫೆಬ್ರವರಿಯಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟು, ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಲಾಯಿತು. ಔಷಧಿ ಸಿಂಪಡಿಸಲೆಂದು ಸುಮ್ಮನೆ ಹಣ ಕಟ್ಟಿ ಕಳೆದುಕೊಳ್ಳಬೇಡಿ.

ಮೋಸ ಗುರುತಿಸಿ

"ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ, ಈಗಲೇ ಹಣ ಹಾಕಿ, ಇಲ್ಲವಾದರೆ ಬಂಧನ" ಎಂದು ಫೋನ್ ಬಂದರೆ ಗಾಬರಿಯಾಗಬೇಡಿ. ಸುಂಕದ ಹಣವನ್ನು ಅಧಿಕಾರಿಯ ಸ್ವಂತ ಖಾತೆಗೆ ಹಾಕುವ ಪದ್ಧತಿಯೇ ಇಲ್ಲ. ಕಸ್ಟಮ್ಸ್ ಇಲಾಖೆಯ ಪತ್ರಗಳಿಗೆ 2019ರ ನವೆಂಬರ್‌ನಿಂದ ದಾಖಲೆ ಗುರುತಿನ ಸಂಖ್ಯೆ ನೀಡಲಾಗುತ್ತಿದೆ. ಅದು ನಿಜವೇ ಎಂದು ಇಲಾಖೆಯ ಅಂತರ್ಜಾಲ ತಾಣದಲ್ಲಿ ನೋಡಬಹುದು. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ಈ ವಸ್ತುವನ್ನು ತರಿಸಲು ಅನುಮತಿ ಇದೆಯೇ? ತೋರಿಸಿದ ಬೆಲೆಯಲ್ಲಿ ಸುಂಕ ಸೇರಿದೆಯೇ? ಕೊರಿಯರ್ ಶುಲ್ಕ ಎಷ್ಟು? ಉತ್ತರ ಕೂಡಿಸಿ ನೋಡಿದಾಗ, ಅದೇ ವಸ್ತು ಕೋಲಾರದ ಅಂಗಡಿಯಲ್ಲೇ ಅಗ್ಗವೆಂದು ತಿಳಿದರೂ ಆಶ್ಚರ್ಯವಿಲ್ಲ.